ಮೈದಾನದಲ್ಲಿ ರಾಜು ಓಡುವ ಹೊತ್ತು

ನಿನ್ನೆ ಬೆಳಗ್ಗೆ ಮಡಿ ಸೀರೆ ಕೊಡವಿ ಉಡಲು ಹೊರಟಾಗ ಅಂಚಿನಲ್ಲಿ ಒಂದು ಬಿಳಿ ಕೂದಲು ಸಿಕ್ಕಿತು. ನನ್ನದೇ ಅಂದುಕೊಂಡೆ. ತಲೆಯಲ್ಲಿ ಬಿಳಿ ಯಾವುದು ಕಪ್ಪು ಯಾವುದು ಎಂದು ಹುಡುಕುವುದನ್ನು ಬಿಟ್ಟು ಬಹಳ ಕಾಲವಾಯಿತು. ಆದರೆ ಬೆಳಕಿಗೆ ಹಿಡಿದು ನೋಡಿದರೆ, ನನ್ನ ಕೂದಲಿಗೆ ಅಷ್ಟು ನಯ ಎಲ್ಲಿಂದ ಬರಬೇಕು? ಅದು ಚಿನ್ನಿಯದು. ಚಿನ್ನಿ ಎಂದರೆ ಎದುರುಮನೆ ಶಾರದಕ್ಕನ ಪೊಮೆರೇನಿಯನ್ ನಾಯಿ. ಹಗ್ಗದ ಮೇಲೆ ನನ್ನ ಬೆಳಗಿನ ವಾಕಿಂಗಿನ ಸೀರೆ ಪಕ್ಕದಲ್ಲೇ ಇತ್ತು, ಅಲ್ಲಿಂದ ಹಾರಿಬಂದಿರಬೇಕು. ನಾಯಿಯ ಕೂದಲು ಸೋಕಿದ ಸೀರೆ ಉಟ್ಟು ದೇವರ ಮುಂದೆ ಕೂರುವುದು ಹೇಗೆ? ಮತ್ತೆ ನೀರಿಗೆ ಹಾಕಿದೆ. ನೀವು ಮಡಿಗಿಡಿ ಇಟ್ಟುಕೊಳ್ಳದವರಾದರೆ ನಗಬಹುದು, ಬೇಸರವಿಲ್ಲ. ಸೀರೆ ಹಿಂಡುತ್ತಾ ಒಂದು ಮಾತು ಮಾತ್ರ ನೆನಪಾಯಿತು. ಚಿನ್ನಿಯ ಮೈಮೇಲೆ ಕೂದಲು ಉಳಿದಿರುವುದೇ ದೊಡ್ಡದು ಅನ್ನುವ ಒಂದು ಕಾಲವಿತ್ತು.

ನಮ್ಮ ಮನೆಯಲ್ಲೂ ಒಂದು ನಾಯಿ ಇದೆ, ಮುಧೋಳದ್ದು. ಇವರ ಬ್ಯಾಂಕಿನಲ್ಲಿದ್ದ ಬಾಗಲಕೋಟೆ ಕಡೆಯವರೊಬ್ಬರು ವರ್ಗವಾಗಿ ಹೋಗುವಾಗ, "ಇದನ್ನ ಫ್ಲ್ಯಾಟಿನಾಗ ಹ್ಯಾಂಗ ಸಾಕ್ಲಿರೀ ಸರ" ಎಂದು ಹಗ್ಗವನ್ನು ಇವರ ಕೈಗೆ ಕೊಟ್ಟು ಬಸ್ಸು ಹತ್ತಿದರು. ಗ್ರೇಹೌಂಡ್ ಅನ್ನುವ ವಿಲಾಯತಿ ನಾಯಿಯ ದಾಯಾದಿಯಂತೆ ಇದು. ಗಾಳಿಯ ಹಾಗೆ ಓಡುತ್ತದೆ ಎಂದು ಇವರು ವಾಯು ಅಂತ ಹೆಸರಿಟ್ಟರು. ಅತ್ತೆಗೆ ಸರಿಬರಲಿಲ್ಲ.

"ಅಲ್ಲ ಮಾಣಿ, ನಾಳೆ ಅದು ಅಡಿಗೆಮನೆಗೆ ಬಂದ್ರೆ ವಾಯುದೇವರನ್ನ ಹಚಾ ಅಂತ ಓಡಿಸೂದಾ?"

ಬ್ಯಾಂಕಿನಲ್ಲಿ ಎಲ್ಲರಿಂದ ಸರ್ ಅನ್ನಿಸಿಕೊಂಡು, ನಿವೃತ್ತಿಯ ಹತ್ತಿರ ಬಂದಿದ್ದ ಇವರು ಅತ್ತೆಗೆ ಇನ್ನೂ ಮಾಣಿ. ಮಾಣಿ ಸುಮ್ಮನಾದರು, ವಾಯು ರಾಜುವಾದ.

ರಾಜುವನ್ನು ನೀವು ನೋಡಿದ್ದರೆ ಮೊದಲು ನಿಮ್ಮ ಕಣ್ಣಿಗೆ ಬೀಳುತ್ತಿದ್ದುದು ಅವನ ಪಕ್ಕೆಲುಬು. ಎಲ್ಲರ ಕಣ್ಣಿಗೂ ಅದೇ ಬಿತ್ತು. ತರಕಾರಿ ತೂಗುವವಳು, "ಎಂತ ಅಮ್ಮ, ನಾಯಿಗೆ ಗಂಜಿನೀರೂ ಇಲ್ವಾ ನಿಮ್ಮನೇಲಿ?" ಎಂದು ನಾಲ್ಕು ಜನರ ಮುಂದೆ ಕೇಳಿದಳು. ಬಂದವರಿಗೆ ಊಟ ಹಾಕದೆ ಕಳಿಸಿದ ಮನೆಯಲ್ಲ ನಮ್ಮದು. ನನಗೆ ಹಟ ಬಂತು. ತುಪ್ಪದನ್ನ, ಹಾಲನ್ನ, ಮಿಕ್ಕ ದೋಸೆ, ಪಾಯಸ ಉಳಿದರೆ ಪಾಯಸ. ಅವನು ಎಲ್ಲವನ್ನೂ ತಿಂದು ಮೊದಲಿನ ಹಾಗೇ ನಿಂತ. ಮೈದಾನದ ಪಕ್ಕದ ಹೋಟೆಲಿನಲ್ಲಿ ಇವರು ಅವನಿಗೆ ಬೇಯಿಸಿದ ಮೊಟ್ಟೆ ಕೊಡಿಸುತ್ತಿದ್ದರೆಂದು ನನಗೆ ಗೊತ್ತು. ನನಗೆ ಗೊತ್ತೆಂದು ಇವರಿಗೆ ಗೊತ್ತು. ಅತ್ತೆಗೂ ಗೊತ್ತಿತ್ತೆಂದು ಈಗ ಅನ್ನಿಸುತ್ತದೆ. ಮನೆ ಅಂದರೆ ಇಷ್ಟು ಇರಬೇಕಾಗುತ್ತದೆ.

ಕೊಪ್ಪದಲ್ಲಿ ನಾಯಿಗಳಿಗೆಂದು ಪಾರ್ಕು ಇಲ್ಲ. ಶಾಲೆಯ ಮೈದಾನವೇ ಪಾರ್ಕು. ಬೆಳಗ್ಗೆ ವಾಕಿಂಗಿಗೆ ಬರುವವರು ತಂತಮ್ಮ ನಾಯಿಗಳನ್ನೂ ಕರೆತಂದು, ಹಗ್ಗ ಬಿಚ್ಚಿ, ತಾವು ಸುತ್ತು ಹಾಕುತ್ತಾರೆ. ಅಲ್ಲೊಂದು ಲ್ಯಾಬ್ರಡಾರ್ ಇತ್ತು, ಅಕ್ಕಿಮೂಟೆಯಷ್ಟು ದಪ್ಪ, ಬಹಳ ಸ್ನೇಹದ್ದು. ಅದು ಆಟಕ್ಕೆಂದು ರಾಜುವಿನ ಬೆನ್ನ ಮೇಲೆ ಕಾಲು ಹಾಕಿತು, ಅಷ್ಟೆ. ರಾಜುವಿನ ಚರ್ಮ ಬಾಳೆಲೆಯ ಹಾಗೆ ಸೀಳಿತು. ಬೇರೆ ನಾಯಿಯಾಗಿದ್ದರೆ ಉಗುರಿನ ಗೀರೂ ಕಾಣುತ್ತಿರಲಿಲ್ಲವಂತೆ. ಅಲ್ಲಿಂದ ಮುಂದೆ ನಮ್ಮ ಚಿಂತೆಯೆಲ್ಲ ಉಳಿದ ನಾಯಿಗಳಿಂದ ರಾಜುವನ್ನು ಕಾಪಾಡುವುದು ಹೇಗೆ ಎಂಬುದೇ ಆಯಿತು. ರಾಜುವಿನಿಂದ ಯಾರನ್ನಾದರೂ ಕಾಪಾಡಬೇಕಾದೀತೆಂದು ಯಾರಿಗೂ ಹೊಳೆಯಲಿಲ್ಲ. ಅವನು ಬೊಗಳುವುದೇ ಇಲ್ಲ. ಬೊಗಳದವನನ್ನು ಸಾಧು ಎಂದು ನಂಬಿದೆವು.

ಆ ದಿನ ಏಕಾದಶಿ. ಏಕಾದಶಿಯಂದು ನಮ್ಮಲ್ಲಿ ಅನ್ನದ ಪಾತ್ರೆ ಒಲೆ ಹತ್ತುವುದಿಲ್ಲ. ನಾವು ಹಾಲು ಹಣ್ಣಿನಲ್ಲಿರುತ್ತೇವೆ. "ಈ ಮನೆ ಅನ್ನ ತಿನ್ನೂದಾದ್ರೆ ಈ ಮನೆ ನೇಮ ಅದಕ್ಕೂ ಇರ್ಲಿ, ಪುಣ್ಯ ಬಂದ್ರೆ ಬೇಡ ಅಂತದಾ?" ಎಂದು ಅತ್ತೆ ಹೇಳಿದ್ದರಿಂದ ರಾಜುವಿಗೂ ಒಂದು ಬಟ್ಟಲು ಹಾಲು, ಎರಡು ಬಾಳೆಹಣ್ಣು. ಅದನ್ನು ಮುಗಿಸಿ ಇವರ ಜೊತೆ ಮೈದಾನಕ್ಕೆ ಹೋದ. ಚಿನ್ನಿ ಹುಲ್ಲಿನ ಮೇಲೆ ಬೆಳ್ಳಗೆ ಉರುಳುತ್ತಾ ಓಡುತ್ತಿತ್ತು. ರಾಜು ಕಿವಿ ಎತ್ತಿದ್ದನ್ನು ಇವರು ನೋಡಿದರಂತೆ. ಇಳಿಸಿದ್ದನ್ನು ನೋಡಲಿಲ್ಲ, ಅಷ್ಟರಲ್ಲಿ ಅವನು ಮೈದಾನದ ಆ ತುದಿಯಲ್ಲಿದ್ದ, ಚಿನ್ನಿಯ ಬಾಲದ ಕೂದಲು ಅವನ ಬಾಯಲ್ಲಿತ್ತು. ಶಾರದಕ್ಕ ಎರಡು ಬೀದಿಗೆ ಕೇಳುವ ಹಾಗೆ ಕಿರುಚಿ, ಚಿನ್ನಿಯನ್ನು ಸೆರಗಿನಲ್ಲಿ ಸುತ್ತಿ ಮನೆಗೆ ಓಡಿದರು. ಗಾಯವಿರಲಿಲ್ಲ. ದೇವರು ದೊಡ್ಡವನು ಎಂದು ದೀಪ ಹಚ್ಚಿದೆ.

ಮನೆಯಲ್ಲಿ ಕಾರಣ ಹುಡುಕಿದೆವು. ಕಾರಣ ಎದುರಿಗೇ ಇತ್ತು. "ಹಸಿದ ಹೊಟ್ಟೆ. ನನ್ನದೇ ತಪ್ಪು ಮಾತು, ನಾಯಿಗೆ ಎಂತ ಏಕಾದಶಿ!" ಎಂದು ಅತ್ತೆ ತಾವೇ ನೇಮ ತೆಗೆದುಹಾಕಿದರು. ದ್ವಾದಶಿಯ ಪಾರಣೆಯಲ್ಲಿ ದೇವರ ನೈವೇದ್ಯವಾದ ಮೇಲೆ ಮೊದಲ ಎಲೆ ರಾಜುವಿಗೇ ಬಡಿಸಿದೆವು. ನಾನು ಎದುರುಮನೆಗೆ ಹೋಗಿ ಶಾರದಕ್ಕನಿಗೂ ಹೇಳಿ ಬಂದೆ: ಇನ್ನು ಹೆದರಬೇಡಿ, ಹೊಟ್ಟೆ ತುಂಬಿಸಿಯೇ ಕಳಿಸುತ್ತೇವೆ. ಅವರೂ ಒಪ್ಪಿದರು. ಏಕಾದಶಿ ಮಾಡುವವರಿಗೆ ಹಸಿವಿನ ಕೋಪ ಎಂಥದೆಂದು ಬೇರೆ ಹೇಳಬೇಕಾಗಿಲ್ಲ.

ನಾಲ್ಕು ದಿನ ಏನೂ ಆಗಲಿಲ್ಲ. ಐದನೆಯ ದಿನ, ಕುತ್ತಿಗೆಯ ತನಕ ಉಂಡ ರಾಜು, ಅದೇ ಹುಲ್ಲಿನ ಮೇಲೆ, ಅದೇ ಚಿನ್ನಿಯ ಹಿಂದೆ ಬಿದ್ದ. ಈ ಸಲ ಬಾಯಿಗೆ ಸಿಕ್ಕಿದ್ದು ಬಾಲವಲ್ಲ, ಸೊಂಟ.

ದನದ ಆಸ್ಪತ್ರೆಯ ಡಾಕ್ಟರಮ್ಮ ಚಿನ್ನಿಗೆ ಹೊಲಿಗೆ ಹಾಕುತ್ತಾ ನಮ್ಮ ಏಕಾದಶಿಯ ಕಥೆಯನ್ನು ಪೂರ್ತಿ ಕೇಳಿದರು. ನಗಲಿಲ್ಲ, ಅದಕ್ಕೆ ಅವರಿಗೊಂದು ನಮಸ್ಕಾರ.

"ಹಸಿವಿಗೂ ಇದಕ್ಕೂ ಸಂಬಂಧ ಇಲ್ಲಮ್ಮ. ದ್ವೇಷವೂ ಅಲ್ಲ. ಸಣ್ಣದೊಂದು ಎದುರಿಗೆ ಓಡಿದ್ರೆ ಈ ಜಾತಿ ಹಿಂದೆ ಓಡ್ತದೆ. ಆಗ ಅವನ ಕಣ್ಣಿಗೆ ಚಿನ್ನಿ ನಾಯಿ ಅಲ್ಲ, ಮೊಲ. ನೀವು ಕೂಗಿದ್ದು ಕಿವಿಗೆ ಹೋಗೋದಿಲ್ಲ. ಸಣ್ಣ ನಾಯಿಗಳಿರೋ ಕಡೆ ಬಿಡಲೇಬೇಡಿ, ಬಾಯಿಗೆ ಏನಾದ್ರೂ ಹಾಕಿ."

ಪೇಟೆಯಲ್ಲಿ ಸಿಗುವ ನಾಯಿಯ ಬಾಯಿಪಟ್ಟಿ ಯಾವುದೂ ರಾಜುವಿನ ಉದ್ದ ಮೂತಿಗೆ ನಿಲ್ಲಲಿಲ್ಲ. ಕೊನೆಗೆ ಇವರು ಕಮ್ಮರಡಿಯ ಅಂಗಡಿಯಿಂದ, ಮಣ್ಣು ತಿನ್ನದ ಹಾಗೆ ಕರುವಿನ ಬಾಯಿಗೆ ಕಟ್ಟುವ ಕುಕ್ಕೆ ತಂದರು. ಅಳತೆ ಮಾಡಿ ಹೆಣೆದ ಹಾಗೆ ಕೂತಿತು. ಬಲೆ ಬಲೆಯಾಗಿರುವುದರಿಂದ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು, ಕಚ್ಚುವ ಹಾಗಿಲ್ಲ. ಕರುವಿನ ಕುಕ್ಕೆ ಹಾಕಿಕೊಂಡ ನಾಯಿಯನ್ನು ನೋಡಲು ಶಾಲೆ ಮಕ್ಕಳು ನಮ್ಮ ಬೀದಿಯಲ್ಲೇ ಬರತೊಡಗಿದರು.

ಆದರೆ ರಾಜುವಿನ ಬಾಯಿ ಕಟ್ಟಿದ ಮಾತ್ರಕ್ಕೆ ಶಾರದಕ್ಕನ ಬಾಯಿ ತೆರೆಯಲಿಲ್ಲ. ಪ್ರತಿ ಶುಕ್ರವಾರ ನಮ್ಮ ಮನೆಯಲ್ಲಿ ಲಲಿತಾ ಸಹಸ್ರನಾಮ. ಶಾರದಕ್ಕನೇ ಮುಂದೆ, ನಾವೆಲ್ಲ ಹಿಂದೆ. ಅವರು ಬರುವುದನ್ನು ಬಿಟ್ಟರು. ಮೊದಲ ಶುಕ್ರವಾರ ಅರ್ಧ ದಾರಿಯಲ್ಲಿ ದಿಕ್ಕು ತಪ್ಪಿ, ಹೇಳಿದ್ದನ್ನೇ ಮತ್ತೆ ಹೇಳುತ್ತಾ ಎಲ್ಲಿಂದ ಹೊರಟಿದ್ದೆವೋ ಅಲ್ಲಿಗೇ ಬಂದೆವು. ನಾನು ಶೃಂಗೇರಿಗೆ ಹೋಗಿ, ಚಿನ್ನಿ ಎದ್ದು ಓಡಾಡಲಿ ಎಂದು ಅಮ್ಮನವರಿಗೆ ಕುಂಕುಮಾರ್ಚನೆ ಮಾಡಿಸಿದೆ. ಶೃಂಗೇರಿಯ ಶಾರದೆ ಬೇಗ ಒಲಿದಳು, ಚಿನ್ನಿ ಎದ್ದಿತು. ಎದುರುಮನೆಯ ಶಾರದಕ್ಕ ಮಾತ್ರ ಬಾಗಿಲು ತೆರೆಯಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಮೀನುಗಳಿಗೆ ಮಂಡಕ್ಕಿ ಹಾಕುತ್ತಾ ಸುಮಾರು ಹೊತ್ತು ಕೂತಿದ್ದೆ. ದೊಡ್ಡ ಮೀನಿನ ಬೆನ್ನ ಮೇಲೇ ಸಣ್ಣ ಮೀನು ಹತ್ತಿ ತಿನ್ನುತ್ತಿತ್ತು. ಅದನ್ನು ನೋಡಿ ಜ್ಞಾನೋದಯವೇನೂ ಆಗಲಿಲ್ಲ. ಬಸ್ಸಿಗೆ ಹೊತ್ತಾಯಿತು, ಎದ್ದು ಬಂದೆ.

ರಾಜುವನ್ನು ಜಗಲಿಯ ಕಂಬಕ್ಕೆ ಕಟ್ಟಿದೆವು. ಅವನು ರೇಗಲಿಲ್ಲ, ಊಳಿಡಲಿಲ್ಲ. ಬೀದಿಯ ಕಡೆ ಮುಖ ಮಾಡಿ ನಿಂತ. ಬೆಳಗ್ಗೆ ನಿಂತವನು ಮಧ್ಯಾಹ್ನ ಬಂದು ನೋಡಿದರೂ ನಿಂತೇ ಇದ್ದ. ತೊಡೆಯ ಮಾಂಸ ಇಳಿಯಿತು. ನನಗೆ ಬೇಕಾಗಿದ್ದ ಹೊಟ್ಟೆ ಈಗ ಬರತೊಡಗಿತು. ಅದನ್ನು ನೋಡಿ ಸಂತೋಷವಾಗಲಿಲ್ಲ. ಓಡಲಿಕ್ಕೆಂದು ಹುಟ್ಟಿದ್ದನ್ನು ಹೀಗೆ ಇಡುವುದು ಸರಿಯಲ್ಲ ಎಂದು ಇವರು ಕಡಹಿನಬೈಲಿನ ಸ್ನೇಹಿತರೊಬ್ಬರ ಹತ್ತಿರ ಮಾತಾಡಿದರು. ಅವರ ಗದ್ದೆಗೆ ಹಂದಿಕಾಟ, ಓಡುವ ನಾಯಿ ಬೇಕಿತ್ತು. ಸೋಮವಾರ ಜೀಪು ತರುತ್ತೇನೆಂದರು. ಹಂದಿಯ ಕೋರೆ ಎಂದ ಕೂಡಲೇ ನನಗೆ ಆ ಬಾಳೆಲೆಯಂಥ ಚರ್ಮ ನೆನಪಾಯಿತು. ಬೇರೆ ದಾರಿ ಕಾಣದೆ ಹೂಂ ಅಂದೆ.

ಶನಿವಾರ ಶಾರದಕ್ಕ ಬಂದರು. ಒಳಗೆ ಬರಲಿಲ್ಲ, ಗೇಟಿನ ಆಚೆಯೇ ನಿಂತರು.

"ಕಡಹಿನಬೈಲಿಗೆ ಕಳಿಸ್ತೀರಂತೆ?"

"ಹೌದು ಶಾರದಕ್ಕ. ಸೋಮವಾರ."

"ಹಂದಿ ಎದುರಿಗೆ ನಿಂತ್ರೆ ಇದ್ರಲ್ಲಿ ಹೊಲಿಗೆ ಹಾಕೂಕೆ ಎಂತ ಉಳೀತದೆ ಮಾರಾಯ್ತಿ?"

ನಾನು ಕಂಬದ ಹತ್ತಿರ ನಿಂತಿದ್ದ ರಾಜುವಿನ ಕಡೆ ನೋಡಿದೆ.

"ನಂಗೆ ನಿಮ್ಮ ನಾಯಿ ಮೇಲೆ ಪ್ರೀತಿಗೀತಿ ಇಲ್ಲ, ತಿಳ್ಕ. ಅದು ಆ ಕಂಬದ ಹತ್ರ ನಿಂತು ಬೀದಿ ನೋಡ್ತದಲ್ಲ, ನಮ್ಮ ಅಡಿಗೆಮನೆ ಕಿಟಕಿಗೆ ಸಮಾ ಕಾಣ್ತದೆ. ನಿನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿದೀನಿ. ಮನೆಯವರು ಉಂಡು ಎದ್ದೋದ್ರು, ಒಂದು ಮಾತಾಡ್ಲಿಲ್ಲ, ಪಾಪ."

"ಮತ್ತೆ ಎಂತ ಮಾಡೂದು ಶಾರದಕ್ಕ?"

"ಬೆಳಗ್ಗೆ ಎಲ್ಲರೂ ಅವರವರ ನಾಯಿ ಹಿಡ್ಕಳ್ಳಲಿ, ನಾ ಹೇಳ್ತೀನಿ. ಇದಕ್ಕೆ ಕುಕ್ಕೆ ಹಾಕಿ ಒಂದು ಸುತ್ತು ಬಿಡಿ. ಒಂದೇ ಸುತ್ತು. ಆದ್ರೆ ಅದು ಓಡೂವಾಗ ಚಿನ್ನಿ ನಿನ್ನ ಕೈಲಿರ್ಬೇಕು. ನನ್ನ ಕೈಲಲ್ಲ. ನಿನ್ನ ನಾಯಿ ಹಾರಿದ್ರೆ ನಿನ್ನ ಮೇಲೇ ಹಾರ್ಲಿ."

ಒಳಗಿನಿಂದ ಅತ್ತೆ ಕೇಳಿಸಿಕೊಂಡಿದ್ದರು. "ಒಮ್ಮೆಲೇ ಬಿಡಬ್ಯಾಡಿ. ಹೊಸ ದನ ತಂದ್ರೆ ಹಳೇದರ ಜೊತೆ ಅವತ್ತೇ ಮೇಯೂಕೆ ಬಿಡ್ತೀವಾ? ನಡುವೆ ಹುಲ್ಲು ಹಾಕೂ ಗೊದ್ಲಿ ಇಟ್ಟು ವಾಸನೆ ಹಿಡಿಸ್ತೀವಲ್ಲ" ಎಂದರು. ಸೋಮವಾರದ ಜೀಪಿಗೆ ಬೇಡವೆಂದು ಹೇಳಿದೆವು. ಆಮೇಲೆ ಕೆಲವು ವಾರ ರಸ್ತೆಯ ಈ ಬದಿಗೆ ಇವರು ರಾಜುವನ್ನೂ ಆ ಬದಿಗೆ ಶಾರದಕ್ಕ ಚಿನ್ನಿಯನ್ನೂ ಹಗ್ಗದಲ್ಲಿ ಹಿಡಿದು, ಒಂದೇ ದಿಕ್ಕಿಗೆ, ಒಂದೇ ನಡಿಗೆಯಲ್ಲಿ ನಡೆದರು. ಮುಖ ಮುಖ ನೋಡಿಸಲಿಲ್ಲ. ದಾರಿಯಲ್ಲಿ ಕಂಡವರು ಎರಡು ಮನೆಗೂ ಮಾತಿಲ್ಲವೇನೋ ಅಂದುಕೊಂಡರು. ಅಷ್ಟರಲ್ಲಿ ಶಾರದಕ್ಕ ಶುಕ್ರವಾರಕ್ಕೆ ಬರತೊಡಗಿದ್ದರು, ನಮ್ಮ ಸಹಸ್ರನಾಮ ದಡ ಸೇರತೊಡಗಿತ್ತು.

ನಾಯಿಗಳು ಗೆಳೆಯರಾದವೇ ಎಂದು ಕೇಳಬೇಡಿ. ಆಗಲಿಲ್ಲ. ಇವತ್ತಿಗೂ ಚಿನ್ನಿ ನೆಲದ ಮೇಲಿರುವಾಗ ರಾಜುವಿನ ಹಗ್ಗ ಬಿಚ್ಚುವುದಿಲ್ಲ. ಇನ್ನು ನನ್ನ ಪಾಡು. ಹುಟ್ಟಿದ ಮೇಲೆ ನಾಯಿ ಎತ್ತಿದವಳಲ್ಲ ನಾನು. ಬೆಳಗಿನ ಸ್ನಾನವನ್ನು ಮೈದಾನದಿಂದ ಬಂದಮೇಲೆ ಇಟ್ಟುಕೊಂಡೆ. ಮೊದಲ ದಿನ ಧ್ವಜದ ಕಟ್ಟೆಯ ಮೇಲೆ ಚಿನ್ನಿಯನ್ನು ಅಪ್ಪಿಕೊಂಡು ನಿಂತೆ. ಅದರ ಎದೆ ನನ್ನ ಅಂಗೈಯಲ್ಲಿ ಹೊಡೆದುಕೊಳ್ಳುತ್ತಿತ್ತು, ನನ್ನದು ಅದಕ್ಕಿಂತ ಜೋರಾಗಿ. ಇವರು ಹಗ್ಗ ಬಿಚ್ಚಿದ ಸದ್ದಿಗೆ ಕಣ್ಣು ಮುಚ್ಚಿ ರಾಮನಾಮ ಹಿಡಿದೆ. ಸುತ್ತು ಮುಗಿಯಿತು. ಯಾರೂ ಸಾಯಲಿಲ್ಲ. ಮಾರನೆಯ ದಿನವೂ ಹಾಗೇ. ಅಂದಿನಿಂದ ಇಷ್ಟು ವರ್ಷ ನಾನು ರಾಜು ಓಡಿದ್ದನ್ನು ನೋಡಿದವಳಲ್ಲ, ಕೇಳಿದವಳು. ಊರವರೇ ಬಂದು ವರ್ಣಿಸುತ್ತಾರೆ.

ಸೀರೆ ಹಿಂಡುತ್ತಾ ಇದನ್ನೆಲ್ಲ ನೆನೆದದ್ದರಿಂದಲೋ ಏನೋ, ಇವತ್ತು ಬೆಳಗ್ಗೆ ಕಣ್ಣು ಬಿಟ್ಟುಕೊಂಡೇ ನಿಂತೆ.

ರಾಜುವಿಗೂ ವಯಸ್ಸಾಗಿದೆ, ಮೂತಿ ನರೆತಿದೆ. ಆದರೆ ಹಗ್ಗ ಬಿಚ್ಚಿದ್ದೇ ತಡ, ಅವನ ನಾಲ್ಕು ಕಾಲೂ ನೆಲ ಬಿಟ್ಟವು. ಒಂದು ಗಳಿಗೆ ಮೈದಾನದ ಮೇಲೆ ಅವನ ನೆರಳು ಬೇರೆ, ಅವನು ಬೇರೆ. ಹಿಂಗಾಲು ಮುಂಗಾಲನ್ನು ದಾಟಿ ಮುಂದೆ ಬೀಳುತ್ತಿತ್ತು. ಸದ್ದಿಲ್ಲ. ಸುತ್ತಲೂ ಜನ ತಮ್ಮ ತಮ್ಮ ನಾಯಿಗಳನ್ನು ಹಿಡಿದುಕೊಂಡು ಮಂಗಳಾರತಿಗೆ ನಿಂತವರ ಹಾಗೆ ನಿಂತಿದ್ದರು. ನನ್ನ ಬಾಯಲ್ಲಿದ್ದ ನಾಮ ಯಾವಾಗ ನಿಂತಿತೋ ತಿಳಿಯಲಿಲ್ಲ.

"ಶಾರದಕ್ಕ, ಎಷ್ಟು ಚಂದ ಓಡ್ತಾನೆ ಅಲ್ದಾ?" ಎಂದೆ.

ತಿರುಗಿ ನೋಡಿದರೆ ಶಾರದಕ್ಕ ಧ್ವಜದ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ತುಟಿ ಅಲ್ಲಾಡುತ್ತಿತ್ತು.

"ಮುಗೀತನಾ?" ಎಂದರು, ಕಣ್ಣು ತೆರೆಯದೆ.

"ಅರ್ಧ ಸುತ್ತು ಉಂಟು. ದಿನಾ ಹಿಂಗೇನಾ ನೀವು?"

"ಮೊದಲ ದಿನದಿಂದ."

"ಅಯ್ಯೋ, ಬಿಡಿ ಅಂದವರು ನೀವೇ ಅಲ್ದಾ?"

"ಬಿಡಿ ಅಂದಿದ್ದೆ. ನೋಡ್ತೀನಿ ಅಂದಿದ್ನಾ? ಸುಮ್ನೆ ಗಟ್ಟಿ ಹಿಡ್ಕ."

ನಾನು ಚಿನ್ನಿಯನ್ನು ಎದೆಗೆ ಇನ್ನಷ್ಟು ಒತ್ತಿಕೊಂಡೆ. ಉಳಿದ ಅರ್ಧ ಸುತ್ತನ್ನು ಇಬ್ಬರ ಪಾಲಿನದನ್ನೂ ನಾನೇ ನೋಡಿದೆ.