ಇಬ್ರಿಯಲ್ಲಿ ಇಸ್ತ್ರಿ ಬಿದ್ದ ಗೌನು

ತೊಂಬತ್ತರ ದಶಕದ ಆರಂಭ. ಮಸ್ಕತ್ತಿನ ವಾದಿ ಕಬೀರ್‌ನಿಂದ ನಸುಕಿನಲ್ಲೇ ಹೊರಟೆವು. ಪ್ಯಾರಿಸ್ಸಿನ ಫ್ಯಾಷನ್ ಪತ್ರಿಕೆಯೊಂದರ ಸಂಪಾದಕಿ ಮದಾಂ ಸೊಲಾಂಜ್ ಮುಂದಿನ ಸೀಟಿನಲ್ಲಿ, ಬಟ್ಟೆಬರೆ ನೋಡಿಕೊಳ್ಳಲು ನನ್ನ ಹೆಂಡತಿ ಸುಮತಿ ಹಿಂದೆ, ಗಾಡಿ ಬಿಡುವವನು ನಾನು. ಛಾಯಾಗ್ರಾಹಕ, ರೂಪದರ್ಶಿ ಇನ್ನೊಂದು ಗಾಡಿಯಲ್ಲಿ. "ಹೆಂಗಸೊಬ್ಬಳು ಬೇಕಂತೆ, ನಿನ್ನ ಹೆಂಡತಿಯನ್ನೇ ಕರ್ಕೊಂಡು ಹೋಗು, ಯಲ್ಲಾ, ಹೊರಡು" ಎಂದು ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟ ಅರಬಿ ಧಣಿ, ತೀರ್ಮಾನ ಮಾಡಿಬಿಟ್ಟಿದ್ದ. ನಮ್ಮನ್ನು ಕೇಳುವವರು ಯಾರು?

ಚಿತ್ರ ತೆಗೆಯಬೇಕಿದ್ದ ಇಬ್ರಿ ಊರಿಗೆ ಸುಮಾರು ಮುನ್ನೂರು ಕಿಲೋಮೀಟರ್. ನಿಜ್ವಾದಲ್ಲಿ ಪರೋಟ ತಿಂದೆವು. ಮದಾಂ ಬರೀ ಚಹಾ ಕುಡಿದು ತಮ್ಮ ಕತೆ ಹೇಳಿದರು. ದರ್ಜಿ ಅಂಗಡಿಯಲ್ಲಿ ಗುಂಡುಸೂಜಿ ಹೆಕ್ಕುತ್ತಿದ್ದವರು ಪತ್ರಿಕೆಗೆ ಟೈಪಿಸ್ಟಾಗಿ ಸೇರಿ, ಎಂಬತ್ತರ ದಶಕದಲ್ಲಿ ಸಂಪಾದಕಿಯಾದರಂತೆ. ಈಗ ಮಾಲೀಕರಿಗೆ ಆ ಕುರ್ಚಿಯಲ್ಲಿ ಎಳೆಯ ಮುಖ ಬೇಕಂತೆ.

"ಈ ಮುಖಪುಟ ಗೆದ್ದರೆ ಉಳಿಯುತ್ತೇನೆ" ಎಂದರು. ಅದಕ್ಕೆಂದು ತಂದದ್ದು ಒಂದೇ ಒಂದು ಕೇಸರಿ ರೇಷ್ಮೆಯ ಗೌನು.

ಇಬ್ರಿ ಕಾದ ಕಾವಲಿಯಂತಿತ್ತು. ಸುಮತಿಯನ್ನು ರೆಸ್ಟ್‌ಹೌಸಿನಲ್ಲಿ ಬಿಟ್ಟು ಕೋಟೆಯ ಹತ್ತಿರ ಜಾಗ ನೋಡಿ ಬಂದೆವು. ಅಷ್ಟರಲ್ಲಿ ಅವಳು ಗೌನಿಗೆ ಇಸ್ತ್ರಿ ಹಾಕಿ ತೂಗುಬಿಟ್ಟಿದ್ದಳು.

"ಎಷ್ಟು ಮುದ್ದೆಯಾಗಿತ್ತು ಮಾರಾಯ್ರೆ. ನೀರು ಚಿಮುಕಿಸಿ ಚಿಮುಕಿಸಿ ತೆಗ್ದೆ" ಎಂದಳು ಹೆಮ್ಮೆಯಿಂದ.

ಮದಾಂ ಗೋಡೆ ಹಿಡಿದು ಕೂತರು. ಆ ಸುಕ್ಕೇ ಗೌನಿನ ಚಂದವಂತೆ. ಹೊಲಿದವನು ವಾರಗಟ್ಟಲೆ ಹಿಂಡಿ, ಕಟ್ಟಿ, ಒಣಗಿಸಿ ಕೂರಿಸಿದ್ದಂತೆ. ನಮಗೆ ಯಾರು ಹೇಳಿದ್ದರು? ಇಸ್ತ್ರಿ ಇಲ್ಲದ ಸೀರೆ ಉಟ್ಟು ಸುಮತಿ ಪಕ್ಕದ ಅಂಗಡಿಗೂ ಹೋದವಳಲ್ಲ.

ಅವಳು ಗೌನನ್ನು ಒದ್ದೆ ಮಾಡಿ ಹಿಂಡಿದಳು, ಗಂಟು ಕಟ್ಟಿದಳು, ಅತ್ತಳು. ಸುಕ್ಕೇನೋ ಬಂತು, ಬರೀ ಒಗೆದ ಬಟ್ಟೆಯ ಸುಕ್ಕು. ಅದನ್ನೇ ತೊಡಿಸಿ ಚಿತ್ರ ತೆಗೆದರು. ಗಂಟುಮೂಟೆ ಕಟ್ಟಿ ವಾಪಸ್ ಹೊರಟೆವು.

ಮಸ್ಕತ್ತಿನ ಹೋಟೆಲಿನಿಂದ ಮದಾಂ ಪ್ಯಾರಿಸ್ಸಿಗೆ ಫೋನ್ ಮಾಡಿ, ಗೌನು ಹಾಳಾದದ್ದನ್ನು ಹೇಳಿ ಬಂದರು.

"ಖಲಾಸ್" ಎಂದರು. ನಮ್ಮ ಬಾಯಿಂದ ಕಲಿತ ಪದ. "ಯಾರು ಹಾಳು ಮಾಡಿದ್ದು ಅಂತ ಕೇಳಿದರು. ನಾನೇ ಅಂದೆ."

ಮದಾಂ ಪೆಟ್ಟಿಗೆಯಿಂದ ತಮ್ಮ ಬಿಳಿ ಅಂಗಿ ತೆಗೆದು ಸುಮತಿಯ ಕೈಗಿತ್ತರು.

"ನಾಳೆ ಪ್ಯಾರಿಸ್ಸಿನಲ್ಲಿ ಎಲ್ಲರ ಎದುರು ಕುರ್ಚಿ ಬಿಟ್ಟುಕೊಡಬೇಕು. ಚೆನ್ನಾಗಿ ಇಸ್ತ್ರಿ ಮಾಡು. ಒಂದು ಸುಕ್ಕೂ ಇರಬಾರದು."

ಸುಮತಿ ಕಣ್ಣೊರೆಸಿಕೊಳ್ಳುತ್ತಲೇ ಇಸ್ತ್ರಿ ಹಾಕಿದಳು. ಸೀಬ್ ವಿಮಾನ ನಿಲ್ದಾಣದಲ್ಲಿ ಮದಾಂ ಆ ಅಂಗಿಯನ್ನು ಮಡಚದೆ, ಹ್ಯಾಂಗರಿನಲ್ಲೇ ಎತ್ತಿ ಹಿಡಿದು ಒಳಗೆ ಹೋದರು.