ಬಣ್ಣದ ಕಂಪ್ಯೂಟರಿನ ಪಣತಿ

ಎಂಬತ್ತರ ದಶಕದ ಕೊನೆಯಲ್ಲಿ, ನಿಮ್ಮ ಅಜ್ಜ ತೀರಿಕೊಂಡ ಮೇಲೆ, ನಾನು ಹಿರೇಬೆಂಡಿಗೇರಿಯಿಂದ ಬಸ್ಸು ಹಿಡಿದು ಶಿಗ್ಗಾಂವದ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಹಳ್ಳಿ ಶಾಲೆಯಲ್ಲಿ ಓದಿದವಳು, ನಾಲ್ಕು ಮಂದಿಯ ಮುಂದೆ ಮಾತಾಡಲು ಅಂಜುತ್ತಿದ್ದೆ. ಕಂಪ್ಯೂಟರಿಗೆ ಬರೆದು ಹೇಳಿದರೆ ಸಾಕು. ಅದಕ್ಕೇ ಅದು ನನಗೆ ಹಿಡಿಸಿತ್ತು.

ಒಮ್ಮೆ ಅಲ್ಲಿಗೆ ಬಣ್ಣದ ಪರದೆಯ ಕಂಪ್ಯೂಟರ್ ಬಂತು. ಕ್ಲಾಸು ನಡೆಸುವ ಸರ್, "ಈ ಹೊಸ ಕಂಪ್ಯೂಟರ್ ಪೂಜಾದ ದಿನ ಮಂದಿಗೆ ತೋರಸಾಕ ಏನರ ಬರೀರಿ ಅಕ್ಕಾ. ಚಲೋ ಆದ್ರ ಹೊಸ ಹುಡುಗ್ರಿಗೆ ನೀವ ಕಲಸ್ರಿ" ಅಂದರು. ನಿಮ್ಮ ಅಪ್ಪ ಆಗ ಇನ್ನೂ ಕೂಸು. ಆ ಕೆಲಸ ನನಗೆ ಬೇಕೇಬೇಕಿತ್ತು.

ಗೋಡೆಯ ಗೂಡಿನಲ್ಲಿ ಉರಿಯುವ ಪಣತಿ, ಕೆಳಗೆ ರಂಗೋಲಿ, ಇಂಥ ಚಿತ್ರ ಬರೆದೆ. ಪರದೆಯ ಚುಕ್ಕಿಗಳಿಗೆ ನಾವು ಕೊಡುವುದು ಬರೀ ನಂಬರು. ಯಾವ ನಂಬರಿಗೆ ಯಾವ ಬಣ್ಣ ಎಂಬುದು ಬೇರೆ ಕಡೆ ಇರುತ್ತದೆ, ರಂಗೋಲಿ ಬಣ್ಣದ ಬಟ್ಟಲುಗಳನ್ನು ಸಾಲಾಗಿ ಇಟ್ಟ ಹಾಗೆ. ಅದಕ್ಕೆ ಪ್ಯಾಲೆಟ್ ಎನ್ನುತ್ತಾರೆ. ಬಟ್ಟಲಿನ ಬಣ್ಣ ಬದಲಿಸಿದರೆ ಚಿತ್ರದಲ್ಲೂ ತಾನೇ ಬದಲಾಗುತ್ತದೆ. ಕೊನೆಗೆ ಸಿನಿಮಾ ಮುಗಿಯುವ ಹಾಗೆ ಇರಲಿ ಎಂದು, ಎಲ್ಲ ಬಟ್ಟಲುಗಳನ್ನೂ ಸ್ವಲ್ಪಸ್ವಲ್ಪವೇ ಮಬ್ಬು ಮಾಡುತ್ತ ಹೋದೆ. ಚಿತ್ರ ಮುಸ್ಸಂಜೆಯ ಹಾಗೆ ಕಂದಿ, ಕಪ್ಪಾಯಿತು. ಬಲು ಹಿಗ್ಗಿದೆ.

ಪೂಜೆಯ ಹಿಂದಿನ ದಿನ ಸರ್ ಅವರ ತಾಯಿ ಹೂವು ತಂದರು. ಅವರು ನೋಡುತ್ತಿದ್ದಂತೆಯೇ ಪರದೆಯ ಪಣತಿ ಆರಿತು.

"ಏನವಾ, ಪೂಜಾಕ ಕರದು ದೀಪಾ ಆರಸಿ ಕಳಸ್ತೀರೇನ?"

"ಅದು ಚಿತ್ರ ಐತಬೇ," ಎಂದರು ಸರ್.

"ಚಿತ್ರ ಆದ್ರೇನ? ನೋಡೋ ಕಣ್ಣು ಖರೇವ ಅದಾವಲ್ಲ."

ಸರ್ ತಲೆ ಕೆರೆದುಕೊಂಡರು. "ಹಂಗಾರ ಇದು ಬ್ಯಾಡ ಬಿಡ್ರಿ ಅಕ್ಕಾ."

ಅದರಲ್ಲೂ ಗಂಡನನ್ನು ಕಳೆದುಕೊಂಡವಳ ಕೈಯಲ್ಲಿ ದೀಪ ಆರಿತ್ತು. ಕುರ್ಚಿ ಎಳೆದುಕೊಂಡು ಕೂತೆ. ಪಣತಿಯ ಕುಡಿಯ ಬಣ್ಣಗಳಿದ್ದ ಬಟ್ಟಲುಗಳನ್ನು ಬಿಟ್ಟು, ಉಳಿದವನ್ನಷ್ಟೇ ಮಬ್ಬು ಮಾಡುವಂತೆ ತಿದ್ದಿದೆ. ಗೋಡೆ ಹೋಯಿತು, ರಂಗೋಲಿ ಹೋಯಿತು. ಕತ್ತಲಲ್ಲಿ ಕುಡಿ ಮಾತ್ರ ಉಳಿಯಿತು.

ತಾಯಿ ಹತ್ತಿರ ಬಂದು ಬಗ್ಗಿ ನೋಡಿದರು. "ಈಗ ಮನಿ ದೀಪ ಇದ್ದಂಗ ಆತು ನೋಡು."

ಮರುದಿನ ಮಂದಿಯೆಲ್ಲ ಅದನ್ನೇ ಇನ್ನೊಮ್ಮೆ ತೋರಿಸಿ ಎಂದರು. ಸರ್ ನನ್ನನ್ನೇ ಎಬ್ಬಿಸಿ, "ಹೆಂಗ ಮಾಡಿದ್ರಿ, ಹೇಳ್ರಿ" ಎಂದರು. ಪರದೆಯ ಕಡೆ ಮುಖ ಮಾಡಿಯೇ ಬಟ್ಟಲುಗಳ ಕತೆ ಶುರುಮಾಡಿದೆ. ಯಾವಾಗ ಮಂದಿಯ ಕಡೆ ತಿರುಗಿದೆನೋ ನೆನಪಿಲ್ಲ.

ಕಲಿಸಲು ಹೋದ ಮೊದಲ ದಿನ ಒಬ್ಬ ಹುಡುಗಿ ಬಾಗಿಲಲ್ಲೇ ನಿಂತಿದ್ದಳು.

"ನನಗ ರಂಗೋಲಿ ಅಷ್ಟ ಬರ್ತೈತ್ರಿ ಅಕ್ಕೋರ. ಇದು ಬರ್ತೈತೇನ್ರಿ?"

"ಬರ್ತೈತಿ. ಒಳಗ ಬಾ," ಎಂದೆ.