ಓಣಿ ತೆರವಾದ ದಿನ

ಮಾನ್ವಿಯ ನಮ್ಮ ಓಣಿ ಮೊದಲೇ ಇಕ್ಕಟ್ಟು. ಎದುರು ಮನೆಯ ಹುಡುಗ ಹಳೆ ಮನೆ ಕೆಡವಿ ಹೊಸದು ಕಟ್ಟಿಸತೊಡಗಿದಾಗ ಉಸುಕು, ಕಂಕರು, ಕಬ್ಬಿಣದ ಸರಳು ಎಲ್ಲ ಹಾದಿಯ ಮೇಲೇ ಬಿದ್ದವು. ಹುಡುಗ ಅಂದೆ, ಅವನಿಗೀಗ ಇಬ್ಬರು ಮಕ್ಕಳಿದ್ದಾರೆ. ಅವನ ತಾಯಿ ಕೂಲಿಗೆ ಹೋದಾಗ ನಮ್ಮವ್ವನ ಒಲೆ ಮುಂದೆ ಕೂತು ಬಿಸಿ ರೊಟ್ಟಿ ತಿಂದು ಬೆಳೆದವನು. ನನ್ನನ್ನು ಅಕ್ಕಾ ಅನ್ನುತ್ತಾನೆ, ಅವ್ವನನ್ನು ಯವ್ವಾ ಅನ್ನುತ್ತಿದ್ದ.

ಬೈಕು ದಾಟುವುದೂ ಕಷ್ಟವಾದಾಗ ಓಣಿಯವರು ಗೊಣಗಿದರು. ಪುರಸಭೆಗೆ ಹೇಳೋಣ ಅಂದವರನ್ನು ಅವ್ವನೇ ತಡೆದಳು. "ಮನಿ ಕಟ್ಟೋದಂದ್ರ ಸುಮ್ಮನ ಅಲ್ಲ. ಸ್ಲ್ಯಾಬ್ ಬೀಳೋತನ ತಡಕೊಳ್ರಿ." ಅವನಿಗೂ ಒಮ್ಮೆ ಹೇಳಿದ್ದಳು, ಒಂದು ಮಗ್ಗಲಿಗಾದರೂ ಸರಿಸು ಅಂತ.

"ನಾಳಿ ಆಳು ಬರ್ತಾರ ಯವ್ವಾ, ತೆಗಿಸ್ತೀನಿ," ಅಂದ. ಆಳು ಸಿಗಲಿಲ್ಲ.

ಒಂದು ಮುಂಜಾನೆ ನಾನು ಪಾಠ ಮಾಡುವ ಕವಿತಾಳದ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಅವ್ವ ಎದೆ ಹಿಡಿದುಕೊಂಡು ಪಡಸಾಲೆಯಲ್ಲಿ ಕುಸಿದಳು. ಆಂಬುಲೆನ್ಸ್ ಬೇಗನೇ ಬಂತು, ಆದರೆ ಓಣಿಯ ಬಾಯಲ್ಲೇ ನಿಂತಿತು. ಒಳಗೆ ಬರಲು ಹೋಗಿ ಮತ್ತೆ ಹಿಂದಕ್ಕೆ ಸರಿಯಿತು. ಸ್ಟ್ರೆಚರಿನ ಗಾಲಿ ಉಸುಕಿನಲ್ಲಿ ಹೂತುಕೊಂಡಿತು. ಅಷ್ಟರಲ್ಲಿ ಎದುರು ಮನೆಯಿಂದ ಅವನು ಓಡಿ ಬಂದ. ಅವ್ವನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬರಿಗಾಲಲ್ಲಿ ಕಂಕರಿನ ಮೇಲೆ ನಡೆದ. ಸರಳಿಗೆ ಎಡವಿ ಮೊಣಕಾಲೂರಿದರೂ ಅವಳನ್ನು ಕೆಳಗೆ ಬಿಡಲಿಲ್ಲ.

ರಾಯಚೂರಿನ ದವಾಖಾನೆ ಮುಟ್ಟುವ ಮೊದಲೇ ನನ್ನ ಕೈಯಲ್ಲಿದ್ದ ಅವ್ವನ ಕೈ ತಣ್ಣಗಾಗಿತ್ತು. "ಇನ್ನೊಂಚೂರು ಮೊದಲು ಬಂದಿದ್ರ..." ಅಂದ ಡಾಕ್ಟರು ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ಬಂದಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ, ಯಾರೂ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಹೆಣ ತೆಗೆದುಕೊಂಡು ಮಧ್ಯಾಹ್ನ ತಿರುಗಿ ಬಂದಾಗ ಓಣಿ ಬಯಲಾಗಿತ್ತು. ಅವನೂ ಅವನ ಹೆಂಡತಿಯೂ ಬುಟ್ಟಿಯಲ್ಲಿ ಹೊತ್ತು ಹೊತ್ತು, ಸರಳು ಎಳೆದು, ಎಲ್ಲವನ್ನೂ ತಮ್ಮ ಪಾಯದೊಳಗೆ ಹಾಕಿದ್ದರು. ಗಾಡಿ ಎಲ್ಲೂ ತಡೆಯದೆ ನೇರ ನಮ್ಮ ಬಾಗಿಲಿಗೆ ಬಂದು ನಿಂತಿತು. ಅಲ್ಲಿಯ ತನಕ ಅಳದೆ ಬಂದಿದ್ದ ನಾನು ಗಾಡಿಯಿಂದ ಇಳಿಯಲಾರದೆ ಅಲ್ಲೇ ಕೂತು ಅತ್ತೆ.

ಮಣ್ಣು ಮಾಡಿದ ಮೇಲೆ ಅವನು ಬಂದು ನನ್ನೆದುರು ನಿಂತ. "ಅಕ್ಕಾ, ಬೈಯ್ರಿ ನನಗ. ಸುಮ್ಮನ ಕುಂದರಬ್ಯಾಡ್ರಿ." ಬೈಯಬೇಕೆಂದೇ ಇದ್ದೆ. ತಡಕೊಳ್ರಿ ಅಂದವಳು ಅವ್ವನೇ ಅಲ್ಲವೇ ಅನಿಸಿ ಎದ್ದು ಒಳಗೆ ಹೋದೆ.

ಅವನ ಮನೆ ಮುಗಿಯಿತು. ಗೃಹಪ್ರವೇಶದ ದಿನ ಗಂಡ ಹೆಂಡತಿ ಇಬ್ಬರೂ ಬಂದು ಕರೆದರು. ಸೀರೆ ಉಟ್ಟು ಹೊರಟವಳು ನಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟೆ. ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ತಾಟಿನಲ್ಲಿ ಹೋಳಿಗೆ ತಂದಿಟ್ಟು, "ಯವ್ವಗ ಇಡೋ ಎಡಿ ಮೊದಲ ತೆಗೆದಿಟ್ಟೀವಿ ಅಕ್ಕಾ," ಅಂದಳು.

ಒಂದು ತುತ್ತು ಬಾಯಿಗಿಟ್ಟೆ, ಉಳಿದದ್ದನ್ನು ಮುಚ್ಚಿಟ್ಟೆ. ಸಂಜೆ ತಾಟು ತೊಳೆದು ಕೊಟ್ಟು ಬಂದೆ, ಅವರ ಬಾಗಿಲ ಹೊರಗೆ ನಿಂತೇ.